ಬಣ್ಣದ ಚಿತ್ರ ನೋಡೋದು ಹೇಗೆ?



ಕೆಲವು ಚಿತ್ರಗಳಲ್ಲಿ ಮನುಷ್ಯ ಇರಲ್ಲ, ಮರ ಇರಲ್ಲ. ಬರೀ ಬಣ್ಣ, ಚೌಕ, ತ್ರಿಕೋನ. ಇವಕ್ಕೆ ಅಮೂರ್ತ ಚಿತ್ರ ಅಂತಾರೆ. ನೋಡಿದ ಕೂಡಲೇ "ಇದು ಕಲಿತವರಿಗೆ, ನಮಗೆ ತಿಳಿಯಲ್ಲ" ಅಂತ ನಾವು ಹಿಂದೆ ಸರೀತೀವಿ. ಸರಿಯಬೇಡಿ. ಇದನ್ನು ನೋಡೋ ಕಣ್ಣು ನಿಮಗೆ ಆಗಲೇ ಇದೆ.

ಮನೆಯಲ್ಲಿ ಕೌದಿ ಹೊಲಿಯೋದು ನೆನಪು ಮಾಡಿಕೊಳ್ಳಿ. ಕೆಂಪು ತುಂಡಿನ ಪಕ್ಕ ಯಾವುದು ಒಪ್ಪುತ್ತೆ ಅಂತ ಇಟ್ಟು ನೋಡ್ತಾರೆ. ಒಪ್ಪದಿದ್ದರೆ ತೆಗೆದು ಬೇರೆ ಇಡ್ತಾರೆ. "ಈ ತುಂಡಿನ ಅರ್ಥ ಏನು?" ಅಂತ ಯಾರೂ ಕೇಳಲ್ಲ. ಅಮೂರ್ತ ಚಿತ್ರವನ್ನೂ ಹಾಗೇ ನೋಡಬೇಕು.

ಒಂದು ಉದಾಹರಣೆ ಹೇಳ್ತೀವಿ. ಪಾಲ್ ಕ್ಲೇ ಎಂಬ ಚಿತ್ರಕಾರರು 1879ರಲ್ಲಿ ಸ್ವಿಟ್ಜರ್ಲೆಂಡ್ ದೇಶದಲ್ಲಿ ಹುಟ್ಟಿದರು. 1914ರ ಏಪ್ರಿಲ್ ತಿಂಗಳಲ್ಲಿ ಇಬ್ಬರು ಗೆಳೆಯರ ಜೊತೆ ಆಫ್ರಿಕಾದ ಟ್ಯುನೀಷಿಯಾ ದೇಶಕ್ಕೆ ಹೋದರು. ಅಲ್ಲಿ ಕಡಲ ದಡದಲ್ಲಿ ಹಮ್ಮಾಮೆತ್ ಎಂಬ ಊರಿದೆ. ಆ ಊರನ್ನೂ ಅದರ ಮಸೀದಿಯನ್ನೂ ನೀರುಬಣ್ಣದಲ್ಲಿ ಬರೆದರು. ಚಿತ್ರ ಚಿಕ್ಕದು. ಉದ್ದ, ಅಗಲ ಎರಡೂ ಸುಮಾರು 20 ಸೆಂಟಿಮೀಟರ್. ಈಗ ಅದು ಅಮೆರಿಕದ ನ್ಯೂಯಾರ್ಕ್ ನಗರದ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ.

ಚಿತ್ರದ ಮೇಲ್ಭಾಗದಲ್ಲಿ ಮಸೀದಿ, ಗೋಪುರಗಳ ಗುರುತು ಸಿಗುತ್ತೆ. ಕೆಳಗೆ ಬಂದರೆ ಬಣ್ಣದ ತುಂಡುಗಳೇ ಹೆಚ್ಚು. ಅದು ನೆಲವೋ, ತೋಟವೋ ಹೇಳೋದು ಕಷ್ಟ. ಅಲ್ಲಿ ಕ್ಲೇ ಅವರು ವಸ್ತುವನ್ನು ಬಿಟ್ಟು ಬಣ್ಣವನ್ನೇ ಹಿಡಿದರು.

ಇಂಥ ಚಿತ್ರದಲ್ಲಿ ಏನು ನೋಡಬೇಕು?

ಮೊದಲು ಬಣ್ಣ ನೋಡಿ. ಯಾವ ಬಣ್ಣದ ಪಕ್ಕ ಯಾವುದಿದೆ? ಹಸಿರು ಎಲೆಗಳ ನಡುವೆ ಕೆಂಪು ಮೆಣಸಿನಕಾಯಿ ಎದ್ದು ಕಾಣುತ್ತಲ್ಲ? ಚಿತ್ರದಲ್ಲೂ ಹಸಿರಿನ ಪಕ್ಕ ಕೆಂಪು ಇನ್ನಷ್ಟು ಕೆಂಪಾಗಿ ಕಾಣುತ್ತೆ.

ಆಮೇಲೆ ಆಕಾರ. ದೊಡ್ಡದು ಯಾವುದು, ಚಿಕ್ಕದು ಯಾವುದು? ಚಿಕ್ಕ ತುಂಡು ಕಡುಬಣ್ಣದ್ದಾದರೆ ದೊಡ್ಡ ತಿಳಿಬಣ್ಣದ ತುಂಡಿಗೆ ಸರಿತೂಗುತ್ತೆ.

ಕೊನೆಗೆ ನೀರಿನ ಕೆಲಸ ನೋಡಿ. ನೀರುಬಣ್ಣ ತೆಳು. ಅದರ ಹಿಂದಿನಿಂದ ಬಿಳಿ ಹಾಳೆ ಹೊಳೆಯುತ್ತೆ. ಆದ್ದರಿಂದ ಬಿಳಿ ಬೇಕಾದ ಕಡೆ ಚಿತ್ರಕಾರರು ಹಾಳೆಯನ್ನು ಹಾಗೇ ಬಿಡ್ತಾರೆ.

ಮಾಡಿ ನೋಡಿ: ಬಟ್ಟೆಗೆ ಹಾಕುವ ನೀಲಿಯನ್ನು ನೀರಿನಲ್ಲಿ ಕಲಸಿ. ಒಣಗಿದ ಬಿಳಿ ಹಾಳೆಯ ಮೇಲೆ ಒಂದು ಹನಿ ಬಿಡಿ. ಒದ್ದೆ ಹಾಳೆಯ ಮೇಲೆ ಇನ್ನೊಂದು ಹನಿ ಬಿಡಿ. ಒಣ ಹಾಳೆಯಲ್ಲಿ ಹನಿಯ ಅಂಚು ಗಟ್ಟಿಯಾಗಿ ನಿಲ್ಲುತ್ತೆ. ಒದ್ದೆ ಹಾಳೆಯಲ್ಲಿ ಬಣ್ಣ ಹರಡುತ್ತೆ. ನಿಮಗೆ ಯಾವುದು ಹಿಡಿಸಿತು? ಯಾಕೆ? ಕಲಿಕಾ ಕೇಂದ್ರದಲ್ಲಿ ಮಾತಾಡಿ. ಒಬ್ಬೊಬ್ಬರು ಒಂದೊಂದು ಹೇಳಬಹುದು. ಅದು ತಪ್ಪಲ್ಲ.