ಹಳೆಯ ಸೇನಾ ಲಾರಿಯ ಕ್ಯಾಬಿನ್ನಿಗೆ ಎಸಿ

ಅಮೆರಿಕದ ಸೇನೆ ಬಳಸಿ ಬಿಟ್ಟ ಎಂ1078 ಲಾರಿಗಳು ಈಗ ಊರೂರು ಸುತ್ತುವ ಮನೆಗಳಾಗುತ್ತಿವೆ. ಟೆಕ್ಸಸ್ ರಾಜ್ಯದ ಸೀಲಿ ಎಂಬ ಊರಿನಲ್ಲಿ ಸ್ಟೂವರ್ಟ್ ಅಂಡ್ ಸ್ಟೀವನ್‌ಸನ್ ಕಂಪನಿ 1990ರ ದಶಕದಲ್ಲಿ ತಯಾರಿಸಲು ತೊಡಗಿದ ಲಾರಿ ಇದು. ಮೂಲ ವಿನ್ಯಾಸ ಆಸ್ಟ್ರಿಯಾದ ಸ್ಟೈರ್ ಕಂಪನಿಯದು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುತ್ತದೆ, ಎರಡೂವರೆ ಟನ್ ಸರಕು ಹೊರುತ್ತದೆ, ಕೆಸರು ಮರಳು ಎನ್ನದೆ ನುಗ್ಗುತ್ತದೆ. ಹರಾಜಿನಲ್ಲಿ ಕೊಂಡವರು ಹಿಂದಿನ ತೊಟ್ಟಿ ಬಿಚ್ಚಿಸಿ, ಹಾಸಿಗೆ, ಒಲೆ, ನೀರಿನ ಟ್ಯಾಂಕ್ ಇರುವ ಪೆಟ್ಟಿಗೆಮನೆ ಕೂರಿಸಿಕೊಳ್ಳುತ್ತಾರೆ. ಪೆಟ್ಟಿಗೆಮನೆಗೆ ಎಸಿ ಹಾಕಿಸುವುದು ಕಷ್ಟವಲ್ಲ. ತೊಡಕಿರುವುದು ಲಾರಿ ಓಡಿಸುವವರು ಕೂರುವ ಮುಂದಿನ ಕ್ಯಾಬಿನ್ನಿನಲ್ಲಿ.

ಆ ಕ್ಯಾಬಿನ್ ಕಟ್ಟಿದ್ದು ಸೈನಿಕರಿಗೆ. ಚಳಿಗೆ ಹೀಟರ್ ಇತ್ತು, ಮೊದಲ ಮಾದರಿಗಳಲ್ಲಿ ಎಸಿ ಇರಲಿಲ್ಲ. ಎಂಜಿನ್ ಇರುವುದು ಕ್ಯಾಬಿನ್ನಿನ ಕೆಳಗೇ. 6.6 ಲೀಟರಿನ, ಆರು ಸಿಲಿಂಡರಿನ ಕ್ಯಾಟರ್‌ಪಿಲರ್ ಡೀಸೆಲ್ ಎಂಜಿನ್ ಕಾದಾಗ ಅದರ ಬಿಸಿ ನೆಲದ ತಗಡನ್ನು ದಾಟಿ ಕಾಲಿಗೆ ತಟ್ಟುತ್ತದೆ. ಮುಂದಿನ ಗಾಜು ಹೆಚ್ಚುಕಡಿಮೆ ನೇರವಾಗಿ ನಿಂತಿದೆ, ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಎದುರಿನಿಂದ ಒಳಬೀಳುತ್ತದೆ. 2023ರ ಬೇಸಗೆಯಲ್ಲಿ ಅರಿಜೋನಾದ ಫೀನಿಕ್ಸ್ ನಗರದಲ್ಲಿ ಸತತ 31 ದಿನ ಉಷ್ಣಾಂಶ 43.3 ಡಿಗ್ರಿ ಸೆಲ್ಸಿಯಸ್ ಮುಟ್ಟಿತು ಅಥವಾ ದಾಟಿತು. ಅಂಥ ಸೀಮೆಯಲ್ಲಿ ಈ ಕ್ಯಾಬಿನ್ನಿನಲ್ಲಿ ಕುಳಿತು ದಿನವಿಡೀ ಸ್ಟೀರಿಂಗ್ ಹಿಡಿಯುವುದು ಅಪಾಯದ ಕೆಲಸ. ಸೆಕೆಯಲ್ಲಿ ಮೈ ನೀರು ಕಳೆದುಕೊಂಡಂತೆ ಗಮನ ಚದುರುತ್ತದೆ, ಬ್ರೇಕ್ ಒತ್ತುವುದು ತಡವಾಗುತ್ತದೆ.

ಇಷ್ಟಾದರೂ ಲಾರಿ ಲೋಕದಲ್ಲಿ ತಂಪು ಮೊದಲು ಸಿಕ್ಕಿದ್ದು ಸರಕಿಗೆ. ಮಿನಿಯಾಪೊಲಿಸ್ ನಗರದ ಫ್ರೆಡರಿಕ್ ಮೆಕಿನ್ಲಿ ಜೋನ್ಸ್ ಎಂಬ ಕಪ್ಪುಜನಾಂಗದ ಸಂಶೋಧಕರು, ಶಾಲೆಯ ಓದು ಹೆಚ್ಚಿಲ್ಲದೆ ಸ್ವಂತವಾಗಿ ಯಂತ್ರವಿದ್ಯೆ ಕಲಿತವರು, 1938ರ ಹೊತ್ತಿಗೆ ಲಾರಿಯ ಕುಲುಕಾಟ ತಡೆದುಕೊಳ್ಳುವ ಶೀತಕ ಯಂತ್ರ ರೂಪಿಸಿದರು. ಥರ್ಮೊ ಕಿಂಗ್ ಕಂಪನಿ ಬೆಳೆದದ್ದು ಅದರಿಂದ. ಮಾಂಸ, ಹಣ್ಣು, ಔಷಧಿ ಕೆಡದೆ ದೂರ ಸಾಗಿದವು. ಜೋನ್ಸ್ ತೀರಿಕೊಂಡು ಮೂವತ್ತು ವರ್ಷ ಕಳೆದ ಮೇಲೆ, 1991ರಲ್ಲಿ, ಅಮೆರಿಕ ಅವರಿಗೆ ರಾಷ್ಟ್ರೀಯ ತಂತ್ರಜ್ಞಾನ ಪದಕ ಕೊಟ್ಟಿತು. ಹಿಂದೆ ಕೋಳಿಮಾಂಸ ತಂಪಾಗಿ ಹೋಗುತ್ತಿದ್ದರೆ ಮುಂದೆ ಚಾಲಕ ಬೆವರು ಒರೆಸಿಕೊಳ್ಳುತ್ತಿದ್ದ ಸ್ಥಿತಿ ಎಷ್ಟೋ ದೇಶಗಳಲ್ಲಿ ದಶಕಗಟ್ಟಲೆ ಉಳಿಯಿತು.

ಹಳೆಯ ಲಾರಿಗೆ ಎಸಿ ಹಾಕಿಸಲು ಹೊರಟವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಎಷ್ಟು ಟನ್ನಿನ ಯಂತ್ರ ಬೇಕು ಎಂಬುದು. ಅದಕ್ಕಿಂತ ಮೊದಲು ಕೇಳಬೇಕಾದದ್ದು ಬಿಸಿ ಎಲ್ಲಿಂದ ಬರುತ್ತಿದೆ ಎಂದು. ಮೂವರು ಕೂರುವ ಒಂದು ಬರಿತಗಡಿನ ಕ್ಯಾಬಿನ್ ತೆಗೆದುಕೊಂಡು, ಹೊರಗೆ 40 ಡಿಗ್ರಿ, ಒಳಗೆ 25 ಡಿಗ್ರಿ ಎಂದಿಟ್ಟು ಲೆಕ್ಕ ಹಾಕಬಹುದು. ಗೋಡೆ, ಛಾವಣಿ ಸೇರಿ 15 ಚದರ ಮೀಟರ್ ತಗಡು. ಒಳಹೊದಿಕೆ ಇಲ್ಲದಿದ್ದರೆ ಅದರ ಮೂಲಕ ಸುಮಾರು 1,350 ವಾಟ್ ಒಳಬರುತ್ತದೆ. ಗಾಜಿನಿಂದ ಬರುವ ಬಿಸಿಲು 1,200 ವಾಟ್. ಬಾಗಿಲಿನ ಸಂದು, ಪೆಡಲುಗಳ ತೂತು, ಛಾವಣಿಯ ಮುಚ್ಚಳದ ಅಂಚಿನಿಂದ ನುಗ್ಗುವ ಬಿಸಿಗಾಳಿ 1,100 ವಾಟ್. ಎಂಜಿನ್ ಮೇಲಿನ ನೆಲದಿಂದ 550. ಕೂತ ಮೂವರ ಮೈಬಿಸಿ 300. ಎಲ್ಲ ಸೇರಿ 4,500 ವಾಟ್. ಎಸಿಯವರ ಭಾಷೆಯಲ್ಲಿ ಒಂದು ಟನ್ ಎಂದರೆ 3,517 ವಾಟ್, ಹಾಗಾಗಿ ಇದು ಒಂದೂಕಾಲು ಟನ್ನಿನ ಮೇಲೆ ಹೋಯಿತು. ಒಂದು ಸಾಧಾರಣ ಮಲಗುವ ಕೋಣೆಗೆ ಸಾಕಾಗುವಷ್ಟು ತಂಪು ಈ ಸಣ್ಣ ಗೂಡಿಗೇ ಬೇಕು.

ಈಗ ಒಳಗಿನ ತಗಡಿಗೆ ಮುಚ್ಚಿದ ಕೋಶಗಳ ಫೋಮ್ ಹಾಳೆ ಅಂಟಿಸಿ, ಎಂಜಿನ್ ಮೇಲಿನ ನೆಲಕ್ಕೆ ಬೆಂಕಿ ಹಿಡಿಯದ ಹೊದಿಕೆ ಹಾಕಿ, ಬಾಗಿಲ ರಬ್ಬರ್ ಬದಲಾಯಿಸಿ, ತೂತುಗಳನ್ನು ಮುಚ್ಚಿ, ಗಾಜಿನ ಮೇಲ್ಗಡೆ ಹೊರಗೆ ಬಿಸಿಲುಮರೆ ಕಟ್ಟಿದರೆ ಏನಾಗುತ್ತದೆ? ತಗಡಿನ ಪಾಲು 350 ವಾಟಿಗೆ ಇಳಿಯುತ್ತದೆ, ನೆಲದ್ದು 150ಕ್ಕೆ, ಗಾಳಿಯದು 500ಕ್ಕೆ, ಗಾಜಿನದು 800ಕ್ಕೆ. ಮೈಬಿಸಿ ಸೇರಿಸಿ ಒಟ್ಟು 2,100 ವಾಟ್. ಯಂತ್ರ ಮುಟ್ಟದೆಯೇ ಹೊರೆ ಅರ್ಧಕ್ಕಿಂತ ಕೆಳಗಿಳಿಯಿತು. ಇವು ಅಂದಾಜಿನ ಅಂಕಿಗಳು, ಒಂದೊಂದು ಲಾರಿಗೆ ಹೆಚ್ಚುಕಡಿಮೆ ಆಗುತ್ತವೆ. ಆದರೆ ಕೆಲಸದ ಕ್ರಮ ಬದಲಾಗುವುದಿಲ್ಲ. ಫೋಮ್ ಮತ್ತು ರಬ್ಬರಿಗೆ ಹಾಕಿದ ದುಡ್ಡಿನಷ್ಟು ಫಲ ಕೊಡುವ ಖರ್ಚು ಈ ಕೆಲಸದಲ್ಲಿ ಇನ್ನೊಂದಿಲ್ಲ. ಜೊತೆಗೆ ಎಂಜಿನ್ನಿನ ಗದ್ದಲವೂ ತಗ್ಗುತ್ತದೆ.

ನಂತರ ಯಂತ್ರ. ಹಳೆಯ ವಾಹನಗಳ ಎಸಿಯಲ್ಲಿ ಹೆಚ್ಚಾಗಿ ಸಿಗುವ ಗ್ಯಾಸು ಆರ್134ಎ. ತೆರೆದ ಗಾಳಿಯ ಒತ್ತಡದಲ್ಲಿ ಇದು ಮೈನಸ್ 26 ಡಿಗ್ರಿಗೇ ಕುದಿಯುತ್ತದೆ. ಕ್ಯಾಬಿನ್ನಿನೊಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ಒತ್ತಡವನ್ನು ಗೇಜಿನಲ್ಲಿ 2 ಬಾರ್‌ನ ಹತ್ತಿರ ಇಟ್ಟರೆ ಕುದಿಯುವ ಬಿಂದು ಸೊನ್ನೆ ಡಿಗ್ರಿಯ ಆಸುಪಾಸು. ಕುದಿಯಲು ಬೇಕಾದ ಶಾಖವನ್ನು ಅದು ಕ್ಯಾಬಿನ್ ಗಾಳಿಯಿಂದ ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು 15 ಬಾರ್‌ಗೆ ಒತ್ತಿದಾಗ ಅದು ಸುಮಾರು 58 ಡಿಗ್ರಿಯಲ್ಲಿ ಮತ್ತೆ ದ್ರವವಾಗುತ್ತದೆ, ಹೀರಿದ ಶಾಖವನ್ನು ಕಂಡೆನ್ಸರ್‌ನಲ್ಲಿ ಹೊರಗಾಳಿಗೆ ಬಿಡುತ್ತದೆ. ಹೊರಗೆ 45 ಡಿಗ್ರಿ ಇದ್ದರೂ 58 ಡಿಗ್ರಿಯ ಕಂಡೆನ್ಸರ್‌ಗೆ ಅದು ತಂಪುಗಾಳಿಯೇ.

ಹಾಗಾಗಿ ಕಂಡೆನ್ಸರ್‌ನ ಜಾಗ ಆರಿಸುವಲ್ಲಿ ಇಡೀ ಕೆಲಸ ಗೆಲ್ಲಬಹುದು, ಸೋಲಬಹುದು. ಕಾರಿನಂತೆ ರೇಡಿಯೇಟರ್ ಮುಂದೆ ಕೂರಿಸಿದರೆ ಎಂಜಿನ್‌ಗೆ ಬಿಸಿಗಾಳಿ ಸಿಗುತ್ತದೆ, ಘಾಟಿ ಏರುವಾಗ ಟೆಂಪರೇಚರ್ ಮುಳ್ಳು ಮೇಲೇಳುತ್ತದೆ. ಇಂಥ ಲಾರಿಗಳನ್ನು ಮಾರ್ಪಡಿಸುವವರು ಕ್ಯಾಬಿನ್ನಿನ ಹಿಂಗೋಡೆಗೆ ಅಥವಾ ಛಾವಣಿಗೆ ಕಂಡೆನ್ಸರ್ ಕಟ್ಟಿ, ಅದಕ್ಕೇ ಬೇರೆ ಫ್ಯಾನು ಕೊಡುತ್ತಾರೆ. ಛಾವಣಿಯಲ್ಲಿ ಗಾಳಿ ಚೆನ್ನಾಗಿ ಸಿಗುತ್ತದೆ, ಆದರೆ ಎತ್ತರ ಹೆಚ್ಚಿ ಸೇತುವೆ, ಮರದ ಕೊಂಬೆಗಳ ಚಿಂತೆ ಶುರು. ಹಿಂಗೋಡೆಯಲ್ಲಿಟ್ಟರೆ ಎಂಜಿನ್ನಿನಿಂದ ಮೇಲೇಳುವ ಬಿಸಿಗಾಳಿ ತಾಗದಂತೆ ತಗಡಿನ ಅಡ್ಡಗೋಡೆ ಬೇಕು.

ಕಂಪ್ರೆಸರ್ ತಿರುಗಿಸಲು ಎಂಜಿನ್ನಿನ ಬೆಲ್ಟೇ ಸರಿ. ನಾಲ್ಕೂವರೆ ಕಿಲೋವಾಟ್ ತಂಪಿಗೆ ಎರಡರಿಂದ ಎರಡೂವರೆ ಕಿಲೋವಾಟ್, ಅಂದರೆ ಮೂರು ಅಶ್ವಶಕ್ತಿಯ ಹತ್ತಿರ ಬೇಕು. 225 ಅಶ್ವಶಕ್ತಿಯ ಎಂಜಿನ್‌ಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಅದೇ ಕೆಲಸವನ್ನು 24 ವೋಲ್ಟಿನ ವಿದ್ಯುತ್ತಿನಿಂದ ಮಾಡಿಸಲು ಹೋದರೆ 80ರಿಂದ 100 ಆಂಪಿಯರ್ ಬೇಕಾಗಿ, ಆಲ್ಟರ್ನೇಟರ್ ಪೂರ್ತಿ ಅದಕ್ಕೇ ಮೀಸಲಾಗುತ್ತದೆ. ಟ್ರಕ್ಕು, ಟ್ರ್ಯಾಕ್ಟರುಗಳಲ್ಲಿ ಕಾಣುವ ಸ್ಯಾಂಡೆನ್ ಕಂಪನಿಯ 7ಎಚ್15 ಕಂಪ್ರೆಸರ್ ಏಳು ಪಿಸ್ಟನ್ನಿನದು, ಒಂದು ಸುತ್ತಿಗೆ 155 ಸಿಸಿ ಗ್ಯಾಸು ತಳ್ಳುತ್ತದೆ, ಬೇಡವಾದಾಗ ಕಂಪ್ರೆಸರನ್ನು ಬೆಲ್ಟಿನ ತಿರುಗಾಟದಿಂದ ಬಿಡಿಸುವ 24 ವೋಲ್ಟಿನ ಕ್ಲಚ್ ಜೊತೆಗೂ ಸಿಗುತ್ತದೆ. ಆದರೆ ಎಂಜಿನ್ ಬ್ಲಾಕಿನಲ್ಲಿ ಇದಕ್ಕೆಂದು ಜಾಗ ಬಿಡದಿದ್ದರೆ ದಪ್ಪ ಉಕ್ಕಿನ ಬ್ರಾಕೆಟ್ ಮಾಡಿಸಬೇಕು. ಎರಡು ಪುಲ್ಲಿಗಳು ಒಂದೇ ನೇರದಲ್ಲಿಲ್ಲದಿದ್ದರೆ ಬೆಲ್ಟು ಬೇಗನೆ ಹರಿಯುತ್ತದೆ. ಬ್ರಾಕೆಟ್ ಸಪೂರವಾದರೆ ಡೀಸೆಲ್ ಎಂಜಿನ್ನಿನ ನಡುಕಕ್ಕೆ ಬಿರುಕು ಬಿಡುತ್ತದೆ.

ಕ್ಲಚ್ ಎಷ್ಟು ಮುಖ್ಯ ಎಂಬುದಕ್ಕೆ ಪ್ಯಾಕರ್ಡ್ ಕಾರು ಸಾಕ್ಷಿ. 1939ರಲ್ಲಿ ಎಸಿಯನ್ನು ಮೊದಲು ಮಾರಾಟಕ್ಕೆ ತಂದ ಆ ಕಾರಿನ ಕಂಪ್ರೆಸರ್‌ಗೆ ಕ್ಲಚ್ ಇರಲಿಲ್ಲ. ಎಸಿ ಪೂರ್ತಿ ನಿಲ್ಲಿಸಬೇಕಾದರೆ ಬಾನೆಟ್ ಎತ್ತಿ ಬೆಲ್ಟ್ ಕಳಚಬೇಕಿತ್ತು.

ಎಂ1078ರ ಕ್ಯಾಬಿನ್ ಎಂಜಿನ್ ರಿಪೇರಿಗೆ ಮುಂದಕ್ಕೆ ಬಾಗುತ್ತದೆ. ಕಂಪ್ರೆಸರ್ ಎಂಜಿನ್ ಮೇಲೆ, ಕೂಲಿಂಗ್ ಕಾಯಿಲ್ ಕ್ಯಾಬಿನ್ನಿನಲ್ಲಿ. ನಡುವಿನ ಹೋಸ್ ಪೈಪುಗಳು ಪ್ರತಿಸಲ ಬಾಗಿ ಏಳಬೇಕು. ಅವನ್ನು ಕ್ಯಾಬಿನ್ ತಿರುಗುವ ಕೀಲಿನ ಹತ್ತಿರವೇ ಹಾಯಿಸಿ, ಸಾಕಷ್ಟು ಸಡಿಲ ಬಿಡಬೇಕು. ಒಳಗೆ ನೈಲಾನ್ ಪದರವಿರುವ ಬ್ಯಾರಿಯರ್ ಹೋಸನ್ನೇ ಹಾಕಬೇಕು, ಸಾದಾ ರಬ್ಬರಿನಲ್ಲಿ ಆರ್134ಎ ಮೆಲ್ಲಗೆ ಸೋರುತ್ತದೆ. ವೈರಿಂಗ್‌ನಲ್ಲಿ ಜನ ಎಡವುವುದು 12 ವೋಲ್ಟಿನ ಫ್ಯಾನು ಅಗ್ಗಕ್ಕೆ ಸಿಕ್ಕಿತೆಂದು 24 ವೋಲ್ಟಿಗಾಗಿ ಸಾಲಾಗಿ ಜೋಡಿಸಿದ ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ ಕರೆಂಟ್ ಎಳೆದಾಗ. ಹೀಗೆ ಮಾಡಿದರೆ ಒಂದು ಬ್ಯಾಟರಿ ಸದಾ ಅರೆಚಾರ್ಜಿನಲ್ಲಿ ಉಳಿಯುತ್ತದೆ, ಇನ್ನೊಂದು ಅತಿಯಾಗಿ ಚಾರ್ಜ್ ಆಗುತ್ತದೆ. ಕೊನೆಗೆ ಎರಡೂ ಹಾಳು. 24 ವೋಲ್ಟಿನ ಫ್ಯಾನೇ ತರಬೇಕು, ಇಲ್ಲವೇ ಕನ್ವರ್ಟರ್ ಹಾಕಬೇಕು.

ಗ್ಯಾಸು ತುಂಬುವುದು ಕಡೆಯ ಕೆಲಸ, ಅವಸರ ಮಾಡಬಾರದ ಕೆಲಸ. ಪೈಪುಗಳೊಳಗೆ ತೇವ ಉಳಿದರೆ ಅದು ದ್ರವದ ಒತ್ತಡ ಇಳಿಸುವ ಎಕ್ಸ್‌ಪಾನ್ಶನ್ ವಾಲ್ವಿನಲ್ಲಿ ಮಂಜುಗಟ್ಟಿ ದಾರಿ ಮುಚ್ಚುತ್ತದೆ, ಎಣ್ಣೆಯೊಡನೆ ಸೇರಿ ಆಮ್ಲವಾಗಿ ಲೋಹ ತಿನ್ನುತ್ತದೆ. ತೇವ ಹೀರುವ ಡ್ರೈಯರ್ ಹೊಸದನ್ನೇ ಹಾಕಿ, ವ್ಯಾಕ್ಯೂಮ್ ಪಂಪಿನಿಂದ ಅರ್ಧ ಗಂಟೆಗಾದರೂ ಗಾಳಿ, ತೇವ ಎಳೆಸಿ, ನಿರ್ವಾತ ನಿಲ್ಲುತ್ತದೆಯೇ ಎಂದು ನೋಡಿ, ಆಮೇಲೆ ತೂಕ ಹಾಕಿ ಗ್ಯಾಸು ತುಂಬಬೇಕು. ಅಡುಗೆ ಗ್ಯಾಸಿನ ಜಾತಿಯ ಅನಿಲವನ್ನು ಅಗ್ಗವೆಂದು ತುಂಬಿಸಿಕೊಳ್ಳುವವರಿದ್ದಾರೆ. ಕಾಯಿಲ್ ಸೋರಿದರೆ ಅದು ತುಂಬುವುದು ಮುಚ್ಚಿದ ಕ್ಯಾಬಿನ್ನನ್ನೇ, ಒಂದು ಕಿಡಿ ಸಾಕು. ಆರ್134ಎ ಗ್ಯಾಸನ್ನು ಗಾಳಿಗೆ ಬಿಡುವುದೂ ತಪ್ಪು: ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದರ ಒಂದು ಕಿಲೋ ಇಂಗಾಲದ ಡೈಆಕ್ಸೈಡಿನ 1,430 ಕಿಲೋಗೆ ಸಮವೆಂದು ಲೆಕ್ಕ.

ನಿಂತ ಲಾರಿಯಲ್ಲಿ ಮಲಗುವವರ ಲೆಕ್ಕ ಬೇರೆ. ಅವರಿಗೆ ಬ್ಯಾಟರಿಯಲ್ಲಿ ಓಡುವ ಛಾವಣಿ ಎಸಿ ಬೇಕು. 100 ಆಂಪಿಯರ್-ಗಂಟೆಯ ಎರಡು ಸೀಸದ ಬ್ಯಾಟರಿಗಳಲ್ಲಿ ಹೆದರದೆ ಬಳಸಬಹುದಾದ ಶಕ್ತಿ 1.2 ಕಿಲೋವಾಟ್-ಗಂಟೆ, 600 ವಾಟಿನ ಎಸಿ ಎರಡು ಗಂಟೆ ಓಡಿ ನಿಲ್ಲುತ್ತದೆ. 200 ಆಂಪಿಯರ್-ಗಂಟೆಯ 24 ವೋಲ್ಟ್ ಲಿಥಿಯಂ ಬ್ಯಾಟರಿ ಅದನ್ನು ಆರು ಗಂಟೆ ಓಡಿಸುತ್ತದೆ.

ಈ ಮಾತೆಲ್ಲ ಅಮೆರಿಕದ ಹವ್ಯಾಸಿಗಳಿಗಷ್ಟೇ ಸೇರಿದ್ದಲ್ಲ. ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ವೋಲ್ವೋ ಕಂಪನಿ 1998ರಿಂದ ಎಸಿ ಕ್ಯಾಬಿನ್ನಿನ ಲಾರಿ ಜೋಡಿಸಿತು, ಆದರೂ ನಮ್ಮ ಹೆದ್ದಾರಿಯ ಬಹುಪಾಲು ಲಾರಿಗಳು ಬೀಸುವ ಬಿಸಿಗಾಳಿಯನ್ನೇ ನಂಬಿದವು. ಕೇಂದ್ರ ಸರ್ಕಾರ 2023ರ ಡಿಸೆಂಬರಿನಲ್ಲಿ ಅಧಿಸೂಚನೆ ಹೊರಡಿಸಿ, 2025ರಿಂದ ಹೊಸದಾಗಿ ತಯಾರಾಗುವ 3.5 ಟನ್ನಿಗೆ ಮೇಲ್ಪಟ್ಟ ಸರಕು ವಾಹನಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಮಾಡಿತು. ಅದಕ್ಕೂ ಹಿಂದಿನ ಲಾರಿಗಳಿಗೆ ಈ ನಿಯಮ ತಾಗುವುದಿಲ್ಲ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ, ಮಂಗಳೂರಿನ ಬೆವರಿಳಿಸುವ ತೇವದಲ್ಲಿ ಅವು ಇನ್ನೂ ವರ್ಷಗಟ್ಟಲೆ ಓಡಬೇಕಿವೆ. ಕರಾವಳಿಯಲ್ಲಂತೂ ಎಸಿಯ ದುಡಿಮೆಯ ದೊಡ್ಡ ಪಾಲು ಗಾಳಿಯ ತೇವವನ್ನು ನೀರಾಗಿಸುವುದಕ್ಕೇ ಹೋಗುತ್ತದೆ. ಆ ನೀರು ಹೊರಹೋಗುವ ಪೈಪು ಕಟ್ಟಿಕೊಳ್ಳದಂತೆ ನೋಡಿಕೊಳ್ಳಬೇಕು.

ಹಳೆಯ ಲಾರಿ ಇಟ್ಟುಕೊಂಡಿರುವ ಮಾಲೀಕರು ಎಸಿಗೆ ಈ ವರ್ಷ ಕೈ ಹಾಕಲಾಗದಿದ್ದರೂ ಛಾವಣಿಗೆ, ಎಂಜಿನ್ ಮೇಲಿನ ನೆಲಕ್ಕೆ ಹೊದಿಕೆ ಹಾಕಿಸಿ, ಬಾಗಿಲ ರಬ್ಬರ್ ಬದಲಾಯಿಸಲಿ. ಎಸಿ ಹಾಕಿಸುವಾಗ ಕ್ಯಾಬಿನ್ನಿನ ಆಕಾರ, ಎತ್ತರ ಬದಲಾಗಿ ಆರ್‌ಸಿಯ ವಿವರಕ್ಕೆ ವ್ಯತ್ಯಾಸ ಬರುವಂತಿದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅನ್ವಯಿಸುತ್ತದೆ. ಕೆಲಸ ಶುರು ಮಾಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು.