ಮಲಗಿದಲ್ಲೇ ಓಡಿದ ಹೃದಯ

ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ನಾನು ಮಲಗಿದಲ್ಲೇ ಓಡಿದೆ. ಕಾಲು ಒಂದಿಂಚೂ ಅಲ್ಲಾಡಲಿಲ್ಲ. ಎದೆ ಮಾತ್ರ ನಿಮಿಷಕ್ಕೆ ನೂರಿಪ್ಪತ್ತಕ್ಕೂ ಹೆಚ್ಚು ಸಲ ಬಡಿಯಿತು. ಮನೆಗೆ ಬಂದು ಹೇಳಿದರೆ ಏಳನೇ ಕ್ಲಾಸಿನ ಮೊಮ್ಮಗಳು ನಂಬಲಿಲ್ಲ. "ಕಾಲು ಆಡಿಸದ ಹೆಂಗ ಓಡ್ತಿ ತಾತ? ಸುಳ್ಳು ಹೇಳಬ್ಯಾಡ" ಅಂದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ವಯಸ್ಸಿನವರಿಗೆ ಇಂಥ ಪರೀಕ್ಷೆಯ ಚೀಟಿ ಕೈಗೆ ಬಂದರೆ ಉಪಯೋಗವಾದೀತು.

ನಮ್ಮ ಯಶವಂತನಗರದ ಕಡೆ ಯಾರಿಗೆ ಕೆಮ್ಮು ಬಂದರೂ, ಏದುಸಿರು ಬಂದರೂ ತಪ್ಪನ್ನು ಕೆಂಧೂಳಿನ ತಲೆಗೆ ಕಟ್ಟುತ್ತೇವೆ. ಸಂಡೂರಿನ ಗುಡ್ಡಗಳ ಕಬ್ಬಿಣದ ಅದಿರು ಲಾರಿಯಲ್ಲೂ ರೈಲಿನಲ್ಲೂ ಸಾಗುವ ಸೀಮೆ ಇದು. ಗಿಡದ ಎಲೆ, ಕಿಟಕಿಯ ಸರಳು, ಒಣಗಲು ಹಾಕಿದ ಬಿಳಿ ಪಂಚೆ ಎಲ್ಲಕ್ಕೂ ಒಂದೇ ಬಣ್ಣ. ತರಕಾರಿ ಚೀಲ ಹಿಡಿದು ದಿಬ್ಬ ಏರುವಾಗ ಎದೆಯ ನಡುವೆ ಯಾರೋ ಅಂಗೈ ಇಟ್ಟು ಒತ್ತಿದ ಹಾಗೆ ಆಗತೊಡಗಿದಾಗಲೂ ನಾನು ಧೂಳು ಎಂದುಕೊಂಡೆ. ನಿಂತರೆ ಎರಡು ನಿಮಿಷದಲ್ಲಿ ಹೋಗುತ್ತಿತ್ತು. ಯಾರಾದರೂ ನೋಡಿಯಾರೆಂದು ಚಪ್ಪಲಿ ಸರಿಮಾಡಿಕೊಳ್ಳುವವನ ಹಾಗೆ ಬಗ್ಗುತ್ತಿದ್ದೆ. ಮೂರು ತಿಂಗಳು ಹೀಗೆ ನಡೆಯಿತು. ಹಿಡಿದವಳು ಮೊಮ್ಮಗಳೇ. "ತಾತ, ನಿನ್ನ ಚಪ್ಪಲಿ ದಿನಾ ಅದೇ ಜಾಗದಾಗ ಯಾಕ ಕೆಡತೈತಿ?" ಎಂದು ಊಟದ ಹೊತ್ತಿನಲ್ಲಿ ಎಲ್ಲರೆದುರು ಕೇಳಿಬಿಟ್ಟಳು. ಮರುದಿನ ಮಗ ಬಳ್ಳಾರಿಗೆ ಕರೆದೊಯ್ದ.

ಅಲ್ಲಿ ಇಸಿಜಿ ಮಾಡಿದರು, ಸರಿ ಇತ್ತು. ಎಕೋ ಮಾಡಿದರು, ಅದೂ ಸರಿ ಇತ್ತು. ನಾನು ಗೆದ್ದೆನೆಂದು ಮಗನ ಮುಖ ನೋಡಿದೆ. ವೈದ್ಯರು ತಲೆ ಅಲ್ಲಾಡಿಸಿ, "ಇವೆರಡೂ ನೀವು ಸುಮ್ಮನೆ ಮಲಗಿದ್ದಾಗಿನ ಲೆಕ್ಕ. ನಿಮಗೆ ತೊಂದರೆ ಆಗೋದು ದಿಬ್ಬ ಏರುವಾಗ" ಎಂದರು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಈ ಮಾತು ತಕ್ಷಣ ಅರ್ಥವಾಯಿತು. ತಿಂಗಳ ನಡುವಿನ ಮಂಗಳವಾರ ಬ್ಯಾಂಕಿಗೆ ಬಂದು ನೋಡಿದರೆ ಎಲ್ಲ ಕೌಂಟರೂ ಚುರುಕಾಗಿಯೇ ಕಾಣುತ್ತವೆ. ಯಾವ ಕೌಂಟರಿನಲ್ಲಿ ಕೆಲಸ ನಿಧಾನ ಎಂದು ತಿಳಿಯಬೇಕಾದರೆ ಪಿಂಚಣಿ ದಿನ ಬರಬೇಕು. ಹೃದಯಕ್ಕೂ ಹಾಗೇ. ಅದರ ರಕ್ತನಾಳ ಕಿರಿದಾಗಿದ್ದರೂ ವಿಶ್ರಾಂತಿಯಲ್ಲಿ ಬೇಕಾದಷ್ಟು ರಕ್ತ ಸಾಗಬಹುದು. ಕೆಲಸ ಹೆಚ್ಚಿದಾಗ ಮಾತ್ರ ಕೊರತೆ ಬೀಳುತ್ತದೆ. ಅದಕ್ಕೇ ಹೃದಯಕ್ಕೆ ಒಂದು ಪಿಂಚಣಿ ದಿನವನ್ನು ಬೇಕೆಂದೇ ತಂದು ನೋಡುತ್ತಾರೆ.

ಸಾಮಾನ್ಯವಾಗಿ ಇದನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುತ್ತಾರೆ. ಮೂರು ಮೂರು ನಿಮಿಷಕ್ಕೆ ವೇಗವನ್ನೂ ಏರನ್ನೂ ಹೆಚ್ಚಿಸುತ್ತಾ ಹೋಗುತ್ತಾರೆ. ನನ್ನ ಎರಡೂ ಮೊಣಕಾಲು ಸವೆದಿವೆ, ಮೆಟ್ಟಿಲು ಇಳಿಯುವುದೇ ಕಷ್ಟ. ನನ್ನಂಥವರಿಗಾಗಿಯೇ ಔಷಧಿಯಿಂದ ಹೃದಯವನ್ನು ಓಡಿಸುವ ಪರೀಕ್ಷೆ ಇದೆ. ನನಗೆ ಬರೆದದ್ದು ಡೊಬ್ಯುಟಮೀನ್ ಸ್ಟ್ರೆಸ್ ಎಕೋ. ಡೊಬ್ಯುಟಮೀನ್ ಎಂಬ ಔಷಧಿಯನ್ನು ಕೈಯ ನರಕ್ಕೆ ಹನಿಸುತ್ತಾ ಹೋದರೆ ಹೃದಯ ಜೋರಾಗಿಯೂ ವೇಗವಾಗಿಯೂ ಬಡಿಯುತ್ತದೆ. ಆಗ ಅದರ ಯಾವ ಗೋಡೆ ಸರಿಯಾಗಿ ಕುಗ್ಗುತ್ತಿಲ್ಲ ಎಂದು ಎಕೋ ಯಂತ್ರದಲ್ಲಿ ನೋಡುತ್ತಾರೆ.

ನಿಜ ಹೇಳಬೇಕೆಂದರೆ ಮೊದಲ ಸಲ ನಾನು ಫೇಲಾದೆ, ಅದೂ ಪರೀಕ್ಷೆಯ ಕೋಣೆಗೆ ಹೋಗುವ ಮೊದಲೇ.

ರಕ್ತದೊತ್ತಡಕ್ಕೆಂದು ನಾನು ವರ್ಷಗಳಿಂದ ಮೆಟೊಪ್ರೊಲಾಲ್ ಮಾತ್ರೆ ನುಂಗುತ್ತಿದ್ದೇನೆ. ಅದು ಹೃದಯಕ್ಕೆ ಬ್ರೇಕು ಇದ್ದ ಹಾಗೆ, ಬಡಿತ ಏರಲು ಬಿಡುವುದಿಲ್ಲ. ಪರೀಕ್ಷೆಗೆ ಎರಡು ದಿನ ಮೊದಲು ಅದನ್ನು ನಿಲ್ಲಿಸಿ, ಆ ದಿನ ನಾಲ್ಕು ಗಂಟೆ ಮೊದಲಿನಿಂದ ಏನೂ ತಿನ್ನಬೇಡಿ ಎಂದು ವೈದ್ಯರು ಬರೆದೇ ಕೊಟ್ಟಿದ್ದರು. ಹೊಟ್ಟೆ ಖಾಲಿ ಇಟ್ಟೆ. ಮಾತ್ರೆಯನ್ನು ಮೊದಲ ದಿನ ಬಿಟ್ಟೆ. ಪರೀಕ್ಷೆಯ ದಿನ ಬೆಳಿಗ್ಗೆ ಐದೂವರೆಗೆ ಕೈ ತಾನಾಗಿ ಡಬ್ಬಿಗೆ ಹೋಯಿತು, ನೀರು ಬಾಯಿಗೆ ಹೋಯಿತು, ಮಾತ್ರೆ ಹೊಟ್ಟೆಗೆ ಹೋಯಿತು. ನೆನಪಾದದ್ದು ಬಳ್ಳಾರಿ ಇನ್ನೇನು ಬಂತು ಅನ್ನುವಾಗ. ಮಗ ಕೆಲಸಕ್ಕೆ ರಜೆ ಹಾಕಿದ್ದ, ಕಾರಿಗೆ ಬಾಡಿಗೆ ಕೊಟ್ಟಾಗಿತ್ತು. ಸಿಸ್ಟರ್ "ಬೆಳಿಗ್ಗೆ ಮಾತ್ರೆ ತಗೊಂಡೀರೇನು?" ಎಂದು ಕೇಳಿದಾಗ 'ಇಲ್ಲ' ಎಂಬ ಶಬ್ದ ನಾಲಿಗೆಯ ತುದಿಗೆ ಬಂದಿತ್ತು. ಮೂವತ್ತು ವರ್ಷ ಲೆಕ್ಕ ಬರೆದವನಿಗೆ ಸುಳ್ಳು ಲೆಕ್ಕ ಕೊಡಲು ಬಾಯಿ ಬರಲಿಲ್ಲ. "ತಗೊಂಡೀನಿ" ಎಂದೆ. ಬೇರೆ ದಿನ ಕೊಟ್ಟು ಕಳಿಸಿದರು. ಮಗ ದಾರಿಯುದ್ದಕ್ಕೂ ಮಾತಾಡಲಿಲ್ಲ.

ಆಮೇಲೆ ವೈದ್ಯರು ಹೇಳಿದರು: ಅಂದು ಸುಳ್ಳು ಹೇಳಿದ್ದರೆ ಬಡಿತ ಬೇಕಾದ ಮಟ್ಟಕ್ಕೆ ಏರದೆ, ಇರುವ ರೋಗವೇ ಕಾಣಿಸದೆ ಹೋಗಬಹುದಿತ್ತು. 'ಸರಿ ಇದೆ' ಎಂಬ ಕಾಗದ ಹಿಡಿದು ನಾನು ಮತ್ತೆ ದಿಬ್ಬ ಏರುತ್ತಿದ್ದೆ. ಇನ್ನೊಂದು ಮಾತನ್ನೂ ಒತ್ತಿ ಹೇಳಿದರು. ಈ ಜಾತಿಯ ಮಾತ್ರೆಯನ್ನು ವೈದ್ಯರು ಹೇಳದೆ ಯಾರೂ ತಾವಾಗಿ ನಿಲ್ಲಿಸಬಾರದು. ಕೆಲವರಿಗೆ ಹಠಾತ್ತನೆ ನಿಲ್ಲಿಸಿದರೆ ಎದೆನೋವು ಹೆಚ್ಚುತ್ತದೆ. ಸಕ್ಕರೆ ಕಾಯಿಲೆಯವರೂ ಉಪವಾಸದ ದಿನ ಮಾತ್ರೆ, ಇನ್ಸುಲಿನ್ ಏನು ಮಾಡಬೇಕೆಂದು ಮೊದಲೇ ಕೇಳಿಟ್ಟುಕೊಳ್ಳಬೇಕು. ಎರಡನೇ ಸಲಕ್ಕೆ ಮೊಮ್ಮಗಳು ಮಾತ್ರೆಯ ಡಬ್ಬಿಗೆ ಕೆಂಪು ದಾರ ಸುತ್ತಿ, ಏಳು ಗಂಟು ಹಾಕಿ ಇಟ್ಟಳು. ಬಿಚ್ಚುವುದರೊಳಗೆ ಯಾರಿಗಾದರೂ ನೆನಪಾಗಲೇಬೇಕು.

ಔಷಧಿಯ ಪರೀಕ್ಷೆಯಲ್ಲಿ ಬೇರೆ ಬಗೆಯೂ ಉಂಟು. ಬೆಂಗಳೂರಿನಲ್ಲಿರುವ ನನ್ನ ಹಳೆಯ ಸಹೋದ್ಯೋಗಿಗೆ ಅಡಿನೋಸಿನ್ ಎಂಬ ಔಷಧಿ ಕೊಟ್ಟಿದ್ದರು. ಅದು ಹೃದಯವನ್ನು ಓಡಿಸುವುದಿಲ್ಲ, ರಕ್ತನಾಳಗಳನ್ನು ಅಗಲ ಮಾಡುತ್ತದೆ. ಆರೋಗ್ಯವಾದ ನಾಳ ಚೆನ್ನಾಗಿ ಅಗಲವಾಗುತ್ತದೆ, ಕಟ್ಟಿಕೊಂಡದ್ದು ಆಗುವುದಿಲ್ಲ. ಆ ವ್ಯತ್ಯಾಸವನ್ನು ಚಿತ್ರದಲ್ಲಿ ಹಿಡಿಯುತ್ತಾರೆ. ಅದಕ್ಕೆ ದೊಡ್ಡ ಶತ್ರು ಕಾಫಿ. ಕಾಫಿಯ ಕೆಫೀನ್ ಆ ಔಷಧಿಯ ಕೆಲಸವನ್ನೇ ತಡೆಯುತ್ತದೆ. ಹಾಗಾಗಿ ಹಿಂದಿನ ದಿನದಿಂದಲೇ ಕಾಫಿ, ಚಹಾ, ಕೋಲಾ, ಚಾಕೊಲೇಟ್, ಕೆಫೀನ್ ಇರುವ ತಲೆನೋವಿನ ಮಾತ್ರೆ ಎಲ್ಲಕ್ಕೂ ರಜೆ. ಉಬ್ಬಸ ಇದ್ದವರು ಅದನ್ನು ಮೊದಲೇ ಹೇಳಬೇಕು. ದಿನಕ್ಕೆ ಆರು ಲೋಟ ಕಾಫಿ ಕುಡಿಯುವ ನನ್ನ ಗೆಳೆಯ ಹೃದಯಕ್ಕಿಂತ ಹೆಚ್ಚಾಗಿ ಆ ಒಂದು ದಿನಕ್ಕೇ ಹೆದರಿದ್ದ. ಔಷಧಿ ಹೋದಾಗ ಮುಖ ಬಿಸಿಯಾಗಿ, ಎದೆ ಬಿಗಿದು, ಒಂದೆರಡು ನಿಮಿಷದಲ್ಲಿ ಎಲ್ಲ ಮಾಯವಾಯಿತಂತೆ. ಮುಗಿದ ಮೇಲೆ ಸಿಸ್ಟರೇ ಒಂದು ಲೋಟ ಕಾಫಿ ತಂದುಕೊಟ್ಟರಂತೆ!

ಈಗ ನನ್ನ ಕೋಣೆಗೆ ಬನ್ನಿ. ಮೊದಲು ಒಪ್ಪಿಗೆ ಪತ್ರಕ್ಕೆ ಸಹಿ. ಬ್ಯಾಂಕಿನಲ್ಲಿ ಎಷ್ಟೋ ಜನರಿಂದ ಸಾಲದ ಪತ್ರಕ್ಕೆ "ಇಲ್ಲಿ ಹಾಕ್ರಿ, ಇಲ್ಲಿ ಹಾಕ್ರಿ" ಎಂದು ಓದಲು ಬಿಡದೆ ಸಹಿ ಮಾಡಿಸಿದವನು ನಾನು. ಅಂದು ಪ್ರತಿ ಸಾಲನ್ನೂ ಓದಿದೆ. ಅಪಾಯ ಅಪರೂಪ, ಆದರೆ ಇಲ್ಲವೇ ಇಲ್ಲ ಎಂದಲ್ಲ ಎಂಬ ಅರ್ಥದ ಮಾತಿತ್ತು. ಮೂಲೆಯಲ್ಲಿ ಆಮ್ಲಜನಕ, ಎದೆಗೆ ಶಾಕ್ ಕೊಡುವ ಯಂತ್ರ ಇದ್ದವು. ನನ್ನ ಕಣ್ಣು ಅಲ್ಲೇ ನೆಟ್ಟದ್ದನ್ನು ನೋಡಿ ಸಿಸ್ಟರ್, "ಛತ್ರಿ ಹಿಡ್ಕೊಂಡು ಹೋದ ದಿನ ಮಳಿ ಬರಂಗಿಲ್ಲ, ಯಜಮಾನ್ರೇ" ಎಂದರು.

ಎದೆಗೆ ಇಸಿಜಿ ತಂತಿಗಳು, ಬಲಗೈಗೆ ಬಿಪಿ ಪಟ್ಟಿ, ಎಡಗೈಗೆ ಸೂಜಿ. ಎಡ ಮಗ್ಗುಲಿಗೆ ಮಲಗಿಸಿ, ತಣ್ಣನೆಯ ಜೆಲ್ ಹಚ್ಚಿ ಎಕೋ ಯಂತ್ರದ ಹಿಡಿಯನ್ನು ಪಕ್ಕೆಲುಬಿಗೆ ಒತ್ತಿದರು. ಅದು ನಮ್ಮ ಕಿವಿಗೆ ಕೇಳದ ಶಬ್ದವನ್ನು ಒಳಗೆ ಕಳಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಚಿತ್ರ ಕಟ್ಟುತ್ತದೆ. ಅದಿರಿನ ಸೀಮೆಯ ಮಕ್ಕಳು ಒಂದು ವಿಷಯ ಕೇಳಿ. 1953ರಲ್ಲಿ ಸ್ವೀಡನ್ನಿನ ಲುಂಡ್ ಊರಿನಲ್ಲಿ ಇಂಗೆ ಎಡ್ಲರ್ ಎಂಬ ವೈದ್ಯರೂ ಹೆಲ್ಮುಟ್ ಹರ್ಟ್ಸ್ ಎಂಬ ಭೌತವಿಜ್ಞಾನಿಯೂ ಸೇರಿ ಹೃದಯವನ್ನು ಹೀಗೆ ಮೊದಲು ನೋಡಿದರು. ಅದಕ್ಕೆ ದಾರಿ ತೋರಿಸಿದ್ದು ಹಡಗು ಕಟ್ಟುವ ಕಾರ್ಖಾನೆಯಲ್ಲಿ ಲೋಹದೊಳಗಿನ ಬಿರುಕು ಹುಡುಕಲು ಇಟ್ಟಿದ್ದ ಯಂತ್ರ. ನಮ್ಮ ಗುಡ್ಡದ ಅದಿರು ತೋರಣಗಲ್ಲಿನಲ್ಲಿ ಉಕ್ಕಾಗುತ್ತದಲ್ಲ, ಅಂಥ ಉಕ್ಕಿನ ದೋಷ ಹುಡುಕುವ ಉಪಾಯವೇ ನನ್ನ ಎದೆಯ ದೋಷವನ್ನೂ ಹುಡುಕಿತು.

ಎಷ್ಟು ಓಡಿಸಬೇಕು ಎಂಬುದಕ್ಕೆ ಒಂದು ಅಂದಾಜು ಲೆಕ್ಕವಿದೆ. 220ರಲ್ಲಿ ವಯಸ್ಸನ್ನು ಕಳೆಯಿರಿ, ಬಂದದ್ದರಲ್ಲಿ ಶೇಕಡಾ 85 ತೆಗೆಯಿರಿ. ನನಗೆ 74. 220ರಲ್ಲಿ 74 ಹೋದರೆ 146, ಅದರ ಶೇಕಡಾ 85 ಎಂದರೆ 124. ಅಲ್ಲಿಗೆ ಮುಟ್ಟಬೇಕು. ಔಷಧಿಯನ್ನು ಒಂದು ಕಿಲೋ ತೂಕಕ್ಕೆ ನಿಮಿಷಕ್ಕೆ 5 ಮೈಕ್ರೋಗ್ರಾಂನಂತೆ ಶುರುಮಾಡಿ, ಮೂರು ಮೂರು ನಿಮಿಷಕ್ಕೆ 10, 20, 30, 40 ಎಂದು ಏರಿಸಿದರು. ನನ್ನ ತೂಕ 64 ಕಿಲೋ. ಕೊನೆಯ ಮೆಟ್ಟಿಲಿನಲ್ಲೂ ನಿಮಿಷಕ್ಕೆ ಎರಡೂವರೆ ಮಿಲಿಗ್ರಾಂ ಚಿಲ್ಲರೆ, ಅಷ್ಟೇ. ಒಂದು ಚಿಟಿಕೆ ಉಪ್ಪಿಗಿಂತಲೂ ಎಷ್ಟೋ ಕಡಿಮೆ.

ಮೊದಲ ಆರು ನಿಮಿಷ ಏನೂ ಗೊತ್ತಾಗಲಿಲ್ಲ. ಆಮೇಲೆ ತಲೆಯ ಚರ್ಮ ಜುಮ್ಮೆಂದಿತು, ಕೈಬೆರಳು ನಡುಗಿದವು. ಬಳಿಕ ಎದೆ ಬಡಿಯತೊಡಗಿತು ನೋಡಿ! ಓಡುವಾಗ ಹೃದಯ ಬಡಿದರೆ ಕಾರಣ ನಮಗೆ ಗೊತ್ತಿರುತ್ತದೆ. ಮಲಗಿದವನಿಗೆ, ನಾಯಿ ಅಟ್ಟಿಸಿಕೊಂಡು ಬಂದಿಲ್ಲ, ಬಸ್ಸು ತಪ್ಪುತ್ತಿಲ್ಲ, ಎದೆ ಮಾತ್ರ ಓಡುತ್ತಿದೆ. ಭಯ ಹುಟ್ಟುವುದು ಅಲ್ಲೇ. ಹೀಗಾಗುತ್ತದೆ ಎಂದು ವೈದ್ಯರು ಮೊದಲೇ ಹೇಳಿರದಿದ್ದರೆ ನಾನು ತಂತಿ ಕಿತ್ತುಕೊಂಡು ಏಳುತ್ತಿದ್ದೆನೋ ಏನೋ. ಕಣ್ಣು ಮುಚ್ಚಿ ಹದಿಮೂರರ ಮಗ್ಗಿ ಹೇಳಿಕೊಂಡೆ. 30ರ ಮೆಟ್ಟಿಲು ದಾಟಿದರೂ ಬಡಿತ 108ರಲ್ಲೇ ನಿಂತಿತ್ತು. ಆಗ ಅಟ್ರೋಪಿನ್ ಎಂಬ ಇನ್ನೊಂದು ಔಷಧಿಯನ್ನು ಸ್ವಲ್ಪ ಕೊಟ್ಟರು. ಬಾಯಿ ಒಣಗಿ ನಾಲಿಗೆ ಅಂಟಿಕೊಂಡಿತು. ಗ್ಲಾಕೋಮಾ ಇದ್ದವರು, ಪ್ರಾಸ್ಟೇಟ್ ಗ್ರಂಥಿಯಿಂದ ಮೂತ್ರ ಕಟ್ಟುವವರು ಇದನ್ನು ಕೊಡುವ ಮೊದಲೇ ತಿಳಿಸಬೇಕು. ನಮ್ಮ ರಸ್ತೆ ಬದಿಯ ದತ್ತೂರಿಯಲ್ಲಿ, ಅದೇ ಉಮ್ಮತ್ತಿ ಗಿಡದಲ್ಲಿ, ಇರುವುದೂ ಇದೇ ಜಾತಿಯ ವಿಷ. ಮಕ್ಕಳು ಅದರ ಮುಳ್ಳುಕಾಯಿಯನ್ನಾಗಲಿ ಬೀಜವನ್ನಾಗಲಿ ಬಾಯಿಗೆ ಹಾಕಲೇಬಾರದು.

ಹದಿಮೂರೆಂಟ್ಲ ನೂರಾನಾಲ್ಕು ಎನ್ನುವಷ್ಟರಲ್ಲಿ ಆ ಅಂಗೈ ಬಂದು ಎದೆಯ ಮೇಲೆ ಕೂತಿತು. ದಿಬ್ಬದ ಮೇಲಿನ ಅದೇ ಅಂಗೈ. ಏನಾದರೂ ಆದರೆ ತಕ್ಷಣ ಹೇಳಿ, ತಡೆದುಕೊಳ್ಳಬೇಡಿ ಎಂದು ಮೂರು ಸಲ ಹೇಳಿದ್ದರು. ಆದರೂ ಇನ್ನೊಂದು ನಿಮಿಷ ಸುಮ್ಮನಿದ್ದರೆ 'ಪಾಸು' ಆದೇನು ಎಂಬ ಆಸೆ ಬಂತು. ಬಗ್ಗಿ ಸರಿಮಾಡಿಕೊಳ್ಳಲು ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. "ಡಾಕ್ಟ್ರೇ, ಬಂತು" ಎಂದೆ. "ನಮಗೂ ಕಾಣ್ತಾ ಇದೆ" ಎಂದರು ಅವರು. ಬಡಿತ 126. ಔಷಧಿ ನಿಲ್ಲಿಸಿ, ಬಡಿತ ಇಳಿಸುವ ಇಂಜೆಕ್ಷನ್ ಕೊಟ್ಟರು. ಡೊಬ್ಯುಟಮೀನ್ ರಕ್ತದಲ್ಲಿ ಎರಡು ನಿಮಿಷಕ್ಕೆ ಅರ್ಧಕ್ಕಿಳಿಯುತ್ತದಂತೆ. ಹತ್ತು ನಿಮಿಷದಲ್ಲಿ ಎದೆ ಹಗುರಾಯಿತು. ಅರ್ಧ ಗಂಟೆ ಕೂರಿಸಿಕೊಂಡು, ನೋಡಿ, ಕಳಿಸಿದರು. ಮಗ ಇಡ್ಲಿ ತಿನ್ನಿಸಿದ.

ಪರದೆಯ ಮೇಲೆ ನಾನೂ ಕಂಡೆ. ವಿಶ್ರಾಂತಿಯಲ್ಲಿ ಹೃದಯದ ಗೋಡೆಗಳೆಲ್ಲ ಒಟ್ಟಿಗೆ ಕುಗ್ಗುತ್ತಿದ್ದವು. ಕೊನೆಯ ಮೆಟ್ಟಿಲಿನಲ್ಲಿ ಮುಂದಿನ ಗೋಡೆಯ ಒಂದು ತುಂಡು ಹಿಂದೆ ಬಿದ್ದಿತ್ತು. ಪಿಂಚಣಿ ದಿನ ಸಿಕ್ಕಿಬಿದ್ದ ಕೌಂಟರ್. ಮುಂದಿನ ವಾರ ಆಂಜಿಯೋಗ್ರಾಂ ಮಾಡಿ, ಕಿರಿದಾಗಿದ್ದ ಒಂದು ನಾಳಕ್ಕೆ ಸ್ಟೆಂಟ್ ಹಾಕಿದರು.

ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿಗೇ ತೀರಿಕೊಂಡಾಗ ತಪಾಸಣೆಗೆಂದು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ಜನ ಸಾಲುಗಟ್ಟಿದ್ದರು. ಭಯ ಸಹಜ. ಆದರೆ ಈ ಔಷಧಿ ಪರೀಕ್ಷೆ ಎಲ್ಲರಿಗೂ ಬೇಕಾದುದಲ್ಲ, ವೈದ್ಯರು ನೋಡಿ ಬರೆಯಬೇಕಾದುದು. ಇನ್ನು ಸುಮ್ಮನೆ ಕೂತಾಗಲೇ ಎದೆನೋವು ಬಂದು ಬಿಡದೆ ಇದ್ದರೆ ಅದು ಇಂಥ ಪರೀಕ್ಷೆಯ ಹೊತ್ತೇ ಅಲ್ಲ. 108ಕ್ಕೆ ಫೋನ್ ಮಾಡಿ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಪುನೀತ್ ಅವರ ಹೆಸರಿನಲ್ಲೇ ಸರ್ಕಾರ ನಡೆಸುವ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ನೋಡುತ್ತಾರೆ. ಅಗತ್ಯವಿದ್ದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಸಿಗುತ್ತದೆ.

ಈಗ ಬೆಳಿಗ್ಗೆ ನಿಧಾನವಾಗಿ ರೈಲ್ವೆ ಸ್ಟೇಷನ್ ಕಡೆ ನಡೆದು ಬರುತ್ತೇನೆ. ಮೊಣಕಾಲು ನೋಯುತ್ತದೆ, ಎದೆ ನೋಯುವುದಿಲ್ಲ. ಮೊಮ್ಮಗಳು ನನ್ನ ಮಣಿಕಟ್ಟು ಹಿಡಿದು ಹದಿನೈದು ಸೆಕೆಂಡ್ ನಾಡಿ ಎಣಿಸಿ, ನಾಲ್ಕರಿಂದ ಗುಣಿಸಿ, ಹಳೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಹೋಗುವ ಮೊದಲು 68, ಬಂದ ಮೇಲೆ 92. ನಿನ್ನೆ ಎಣಿಸುತ್ತಿದ್ದಾಗ ಅದಿರಿನ ಗಾಡಿ ಕೂಗುತ್ತಾ ಹೋಯಿತು, ಅವಳ ಲೆಕ್ಕ ತಪ್ಪಿತು. "ಸುಮ್ನ ಕುಂದ್ರು ತಾತ, ಮತ್ತ ಎಣಸ್ತೀನಿ" ಎಂದು ಮೊದಲಿನಿಂದ ಶುರುಮಾಡಿದಳು.