ಕಾವೇರಿ ಕಣಿವೆಯಲ್ಲಿ ಕಾಣೆಯಾದವರ ಶೋಧ

ಕಬ್ಬು ಮತ್ತು ಭತ್ತದ ಗದ್ದೆಗಳ ನಾಡೆಂದು ಹೆಸರಾದ ಮಂಡ್ಯ ಜಿಲ್ಲೆಯು ತನ್ನ ಆಗ್ನೇಯ ಅಂಚಿನಲ್ಲಿ ಸಂಪೂರ್ಣವಾಗಿ ಬೇರೆಯದೇ ಆದ ಸ್ವರೂಪವನ್ನು ಪಡೆಯುತ್ತದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕವಲೊಡೆದು ಗಗನಚುಕ್ಕಿ ಮತ್ತು ಭರಚುಕ್ಕಿಗಳಾಗಿ ಧುಮುಕುವ ಕಾವೇರಿಯು ಮತ್ತೆ ಒಂದಾಗಿ, ಮದ್ದೂರು ಪಟ್ಟಣದ ಮಗ್ಗುಲಿನಿಂದ ಹರಿದು ಬರುವ ಶಿಂಷೆಯನ್ನೂ ಕೂಡಿಸಿಕೊಂಡು, ಬಂಡೆಗಳ ಇಕ್ಕಟ್ಟಿನ ಕಣಿವೆಯೊಳಗೆ ಮುತ್ತತ್ತಿ ಮತ್ತು ಭೀಮೇಶ್ವರಿಗಳತ್ತ ಸಾಗುತ್ತದೆ. 1987ರಲ್ಲಿ ಸುಮಾರು 510 ಚದರ ಕಿಲೋಮೀಟರ್ ವಿಸ್ತೀರ್ಣದೊಂದಿಗೆ ಘೋಷಿತವಾಗಿ, ಮುಂದೆ ಸಾವಿರ ಚದರ ಕಿಲೋಮೀಟರನ್ನು ದಾಟಿ ಬೆಳೆದ ಕಾವೇರಿ ವನ್ಯಜೀವಿಧಾಮವು ಈ ಕಣಿವೆಯ ಎರಡೂ ದಡಗಳನ್ನು ಆವರಿಸಿಕೊಂಡಿದೆ. ಇಂತಹ ಕಡೆ ಮನುಷ್ಯನೊಬ್ಬ ಕಣ್ಮರೆಯಾದಾಗ ಅವನನ್ನು ಹುಡುಕುವವರು ಯಾರು, ಹುಡುಕಲು ಅವರಿಗಿರುವ ಅಧಿಕಾರವೇನು, ಅವರ ವಿದ್ಯೆ ಎಂಥದು ಎಂಬ ಪ್ರಶ್ನೆಗಳು ಇಲ್ಲಿ ಪರಿಶೀಲನಾರ್ಹವಾಗಿವೆ.

ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟ ನಂತರವೂ ಸುಳಿವು ಸಿಗದಿದ್ದಾಗ ಕೆಲವು ಕುಟುಂಬಗಳು ಬೆಂಗಳೂರು ಅಥವಾ ಮೈಸೂರಿನ ಖಾಸಗಿ ಪತ್ತೇದಾರರ ಮೊರೆ ಹೋಗುವುದುಂಟು. ಖಾಸಗಿ ಪತ್ತೇದಾರ ಎಂದರೆ ಶುಲ್ಕ ಪಡೆದು ಮಾಹಿತಿ ಸಂಗ್ರಹಿಸಿ ಕೊಡುವ ವೃತ್ತಿಯವನು. ಕಾದಂಬರಿಗಳು ರೂಢಿಸಿದ ಕಲ್ಪನೆಗೆ ವಿರುದ್ಧವಾಗಿ, ಕಾನೂನಿನ ಕಣ್ಣಿನಲ್ಲಿ ಅವನು ಸಾಮಾನ್ಯ ಪ್ರಜೆಗಿಂತ ಕಿಂಚಿತ್ತೂ ಹೆಚ್ಚಿನವನಲ್ಲ. ಕಾವಲುಗಾರರನ್ನು ಒದಗಿಸುವ ಸಂಸ್ಥೆಗಳಿಗೆ 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆ ಇದೆಯಾದರೂ ಪತ್ತೇದಾರರಿಗೆ ಪ್ರತ್ಯೇಕವಾದ ಕಾಯ್ದೆಯಾಗಲಿ ಪರವಾನಗಿಯಾಗಲಿ ಇಲ್ಲ. ಅವರನ್ನು ನಿಯಂತ್ರಿಸಲೆಂದು 2007ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಲಾದ ಮಸೂದೆಯು ವರ್ಷಗಟ್ಟಲೆ ಹಾಗೆಯೇ ಉಳಿದು, 2020ರಲ್ಲಿ ವಾಪಸಾಯಿತು. ಆದ್ದರಿಂದ ಪತ್ತೇದಾರನು ಯಾರನ್ನೂ ಬಂಧಿಸಲಾರ, ಯಾರ ಮನೆಯನ್ನೂ ಶೋಧಿಸಲಾರ, ಯಾವ ಸಾಕ್ಷಿಯನ್ನೂ ಬಲವಂತದಿಂದ ಮಾತನಾಡಿಸಲಾರ.

ಮೊಬೈಲ್ ಕರೆಗಳ ವಿವರ ಮತ್ತು ಗೋಪುರದ ನೆಲೆ, ಅಂದರೆ ಫೋನು ಕೊನೆಯದಾಗಿ ಯಾವ ಟವರಿನ ವ್ಯಾಪ್ತಿಯಲ್ಲಿತ್ತು ಎಂಬ ದಾಖಲೆ, ಇಂದಿನ ಶೋಧದ ಮೊದಲ ಮೆಟ್ಟಿಲಾಗಿದೆ. ಅದನ್ನು ದೂರಸಂಪರ್ಕ ಕಂಪನಿಯಿಂದ ವಿಧಿವತ್ತಾಗಿ ಪಡೆಯುವ ಅಧಿಕಾರ ತನಿಖಾ ಸಂಸ್ಥೆಗಳಿಗಿದೆಯೇ ಹೊರತು ಪತ್ತೇದಾರನಿಗಿಲ್ಲ. 2018ರಲ್ಲಿ ಮಹಾರಾಷ್ಟ್ರದ ಥಾಣೆ ನಗರದ ಪೊಲೀಸರು ಕರೆ ದಾಖಲೆಗಳನ್ನು ಅಕ್ರಮವಾಗಿ ಕೊಂಡು ಮಾರುತ್ತಿದ್ದ ಜಾಲವನ್ನು ಭೇದಿಸಿದಾಗ ಬಂಧಿತರಲ್ಲಿ ಖಾಸಗಿ ಪತ್ತೇದಾರರೂ ಇದ್ದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2017ರ ಆಗಸ್ಟಿನಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಮೇಲಂತೂ ಈ ಎಲ್ಲೆ ಇನ್ನಷ್ಟು ಗಟ್ಟಿಯಾಗಿದೆ. ತನಗೆ ಎಲ್ಲ ಕರೆಗಳ ಪಟ್ಟಿಯೂ ಸಿಗುತ್ತದೆಂದು ಆಸೆ ಹುಟ್ಟಿಸುವ ಪತ್ತೇದಾರನನ್ನು ಕುಟುಂಬದವರು ದೂರವಿಡುವುದೇ ಒಳಿತು.

ಅಧಿಕಾರವಿಲ್ಲದವನಿಗೆ ಉಳಿಯುವುದು ವಿಚಾರಿಸುವ ಮತ್ತು ನಡೆದಾಡುವ ವಿದ್ಯೆ. ಪ್ರಾಮಾಣಿಕ ಪತ್ತೇದಾರನು ಮನೆಯವರಿಂದಲೇ ಆರಂಭಿಸುತ್ತಾನೆ: ಹೋದವರು ಔಷಧಿಯನ್ನು ಒಯ್ದಿದ್ದಾರೆಯೇ ಬಿಟ್ಟಿದ್ದಾರೆಯೇ, ಚಪ್ಪಲಿ ಯಾವುದು, ಕೈಯಲ್ಲಿ ಹಣವೆಷ್ಟಿತ್ತು, ಸಾಲವಿತ್ತೇ, ಮುಡಿಪು ಅಥವಾ ಹರಕೆ ಬಾಕಿಯಿತ್ತೇ ಎಂಬ ಸಣ್ಣ ಪ್ರಶ್ನೆಗಳು ಶೋಧದ ದಿಕ್ಕನ್ನು ನಿರ್ಧರಿಸುತ್ತವೆ. ಬೆಂಗಳೂರು–ಮೈಸೂರು ರೈಲುಮಾರ್ಗದ ಮೇಲಿರುವ ಮದ್ದೂರಿನಿಂದ ರೈಲು ಹತ್ತಿದವನು ರಾಜ್ಯದ ಯಾವ ಮೂಲೆಗೂ ಹೋಗಬಲ್ಲನು. ಮಳವಳ್ಳಿಯಿಂದ ಕೊಳ್ಳೇಗಾಲದ ಬಸ್ಸು ಹಿಡಿದವನು ಮಲೆ ಮಹದೇಶ್ವರ ಬೆಟ್ಟವನ್ನು ಸೇರಿರಬಹುದು. ಮನೆ ಬಿಟ್ಟು ಹೋದವರು ಮಠ, ಛತ್ರ, ದಾಸೋಹಗಳಲ್ಲಿ ಆಸರೆ ಪಡೆಯುವುದು ಈ ಸೀಮೆಯಲ್ಲಿ ಹೊಸದಲ್ಲವಾದ್ದರಿಂದ, ಭಾವಚಿತ್ರ ಹಿಡಿದು ಅನ್ನಸಾಲಿನ ಬಳಿ ನಿಲ್ಲುವ ತಾಳ್ಮೆಗೆ ಎಷ್ಟೋ ಯಂತ್ರಗಳಿಗಿಂತ ಹೆಚ್ಚಿನ ಬೆಲೆಯಿದೆ.

ಸುಳಿವು ಕಾಡಿನತ್ತ ತಿರುಗಿದರೆ ಸಮಸ್ಯೆಯ ಸ್ವರೂಪವೇ ಬದಲಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಮಿನ ಪ್ರಕಾರ ಕರ್ತವ್ಯನಿರತ ಸರ್ಕಾರಿ ನೌಕರರು, ಅನುಮತಿ ಪಡೆದವರು, ಒಳಗೆ ಸ್ಥಿರಾಸ್ತಿಯ ಹಕ್ಕುಳ್ಳವರು, ಸಾರ್ವಜನಿಕ ರಸ್ತೆಯಲ್ಲಿ ಹಾದುಹೋಗುವವರು ಮತ್ತು ಇವರ ಅವಲಂಬಿತರನ್ನು ಬಿಟ್ಟರೆ ಬೇರಾರೂ ವನ್ಯಜೀವಿಧಾಮವನ್ನು ಪ್ರವೇಶಿಸುವಂತಿಲ್ಲ. ಅನುಮತಿ ನೀಡಬಹುದಾದ ಉದ್ದೇಶಗಳನ್ನು 28ನೇ ಕಲಮು ಹೇಳುತ್ತದೆ. ವನ್ಯಜೀವಿಗಳ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ, ಪ್ರವಾಸ, ಒಳಗಿನ ನಿವಾಸಿಗಳೊಡನೆ ನಡೆಸುವ ನ್ಯಾಯಬದ್ಧ ವ್ಯವಹಾರ ಇವು ಅಲ್ಲಿ ಬರುತ್ತವೆಯೇ ಹೊರತು, ಕಾಣೆಯಾದ ಮಗನನ್ನೋ ಅಣ್ಣನನ್ನೋ ಹುಡುಕುವುದು ಬರುವುದಿಲ್ಲ. ಹೀಗಾಗಿ ಹಲಗೂರು ಕಡೆಯಿಂದ ಮುತ್ತತ್ತಿಗೆ ಹೋಗುವ ರಸ್ತೆಯನ್ನು ಬಿಟ್ಟು ಹತ್ತು ಹೆಜ್ಜೆ ಒಳಗಿಟ್ಟರೂ ಪತ್ತೇದಾರನು ಅತಿಕ್ರಮಿಯಾಗುತ್ತಾನೆ. ಈ ನಿರ್ಬಂಧ ಅನ್ಯಾಯವೆಂದು ಹೇಳುವಂತಿಲ್ಲ, ಏಕೆಂದರೆ ಆನೆಗಳು ನೀರಿಗೆ ಇಳಿಯುವ ಜಾಡುಗಳಲ್ಲಿ ಅರಿಯದವನ ಓಡಾಟವು ಹುಡುಕುವವನನ್ನೇ ಕಾಣೆಯಾಗಿಸಬಲ್ಲದು. ಕಳ್ಳಬೇಟೆ ತಡೆ ಶಿಬಿರಗಳಲ್ಲಿದ್ದುಕೊಂಡು ದಿನವೂ ಕಾಲ್ನಡಿಗೆಯಲ್ಲಿ ಗಸ್ತು ತಿರುಗುವ ಅರಣ್ಯ ವೀಕ್ಷಕರು ಮುರಿದ ರೆಂಬೆ, ಹೊಸ ಹೆಜ್ಜೆ, ಆರಿದ ಒಲೆಯ ಬೂದಿ, ಒಂದೆಡೆ ಇಳಿಯುವ ಹದ್ದುಗಳ ಗುಂಪು ಮುಂತಾದ ಗುರುತುಗಳನ್ನು ಓದಬಲ್ಲರು. ಕಾಡಿನ ಶೋಧ ನಡೆಯುವುದಾದರೆ ಅದು ಇವರ ಹಿಂದೆ ನಡೆಯಬೇಕು.

ಆದರೆ ಈ ಕಣಿವೆಯಲ್ಲಿ ಹೊಳೆಯ ಶೋಧವೇ ಅತ್ಯಂತ ಕಠಿಣವಾದುದು. ಮುತ್ತತ್ತಿಯ ಆಂಜನೇಯನ ದರ್ಶನಕ್ಕೆಂದು, ಮತ್ತು ಅದಕ್ಕಿಂತ ಹೆಚ್ಚಾಗಿ ನೀರಿನ ಆಸೆಗೆಂದು ಬರುವವರ ಕಣ್ಣಿಗೆ ಇಲ್ಲಿಯ ಹೊಳೆ ಶಾಂತವಾಗಿ ಕಾಣುತ್ತದೆ. ಮೇಲ್ಮೈಯ ಕೆಳಗೆ ಬಂಡೆಗಳ ನಡುವಿನ ಮಡುಗಳೂ ಕಾಲನ್ನು ಎಳೆಯುವ ಸುಳಿಗಳೂ ಇರುತ್ತವೆ. ಮಡು ಎಂದರೆ ಹೊಳೆಯ ಪಾತ್ರದೊಳಗೆ ಆಳವಾಗಿ ಕೊರೆದುಹೋಗಿ, ಬೇಸಿಗೆಯಲ್ಲೂ ಬತ್ತದೆ ನಿಲ್ಲುವ ನೀರಿನ ಗುಂಡಿ. ಕೃಷ್ಣರಾಜಸಾಗರ ಮತ್ತು ಕಬಿನಿ ಜಲಾಶಯಗಳಿಂದ ಹೊರಬಿಡುವ ನೀರಿನ ಜೊತೆಗೆ, 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳುಹಿಸಲಾರಂಭಿಸಿದ ಶಿವನಸಮುದ್ರದ ವಿದ್ಯುದಾಗಾರವೂ 1940ರ ಶಿಂಷಾಪುರದ ವಿದ್ಯುದಾಗಾರವೂ ಹರಿಸುವ ನೀರು ಸೇರುವುದರಿಂದ, ಮಳೆಯೇ ಇಲ್ಲದ ದಿನದಲ್ಲಿಯೂ ಕೆಳಗಿನ ಹೊಳೆಯ ಮಟ್ಟ ಏರಿಳಿಯಬಹುದು. ಬೆಳಿಗ್ಗೆ ದಾಟಿದ ಬಂಡೆಯು ಮಧ್ಯಾಹ್ನಕ್ಕೆ ನೀರಿನಡಿ ಹೋಗಿರುವುದನ್ನು ಹೊರಗಿನವರು ಊಹಿಸಲಾರರು.

ಇಲ್ಲಿ ಪತ್ತೇದಾರಿಕೆಯ ನಿಜವಾದ ವಿದ್ಯೆಯುಳ್ಳವರು ಅಂಬಿಗರು, ಮೀನುಗಾರರು ಮತ್ತು ದಡದ ಊರುಗಳ ಈಜುಗಾರರು. ಬಿದಿರಿನ ಹೆಣಿಗೆಗೆ ಹಿಂದೆ ತೊಗಲನ್ನೂ ಈಗ ಪ್ಲಾಸ್ಟಿಕ್ ಹಾಳೆಯನ್ನೂ ಹೊದಿಸಿ ಮಾಡುವ ಹರಿಗೋಲು, ಯಂತ್ರದ ದೋಣಿ ನುಗ್ಗಲಾರದ ಬಂಡೆಗಳ ಸಂದಿನಲ್ಲೂ ತಿರುಗಬಲ್ಲದು. ಬಾವಿಗೆ ಬಿದ್ದ ಕೊಡವನ್ನು ಮೇಲೆತ್ತಲು ಬಳಸುವ, ಹಲವು ಕೊಕ್ಕೆಗಳ ಪಾತಾಳಗರಡಿಯನ್ನು ಹಗ್ಗಕ್ಕೆ ಕಟ್ಟಿ ಮಡುವಿನ ತಳವನ್ನು ಗೀರುತ್ತಾ ಹೋಗುವುದು ಹಳೆಯ ಕ್ರಮ. ಮುಳುಗಿದ ದೇಹವು ಮೊದಲು ತಳ ಸೇರುತ್ತದೆ. ಒಳಗೆ ಕೊಳೆಯುವಿಕೆಯಿಂದ ಅನಿಲ ತುಂಬಿದ ಮೇಲೆ ತೇಲುತ್ತದೆ. ನೀರು ತಣ್ಣಗಿದ್ದಷ್ಟೂ, ಮಡು ಆಳವಿದ್ದಷ್ಟೂ ತೇಲುವುದು ತಡವಾಗುತ್ತದೆ. ಬಂಡೆಯ ಪೊಟರೆಗೋ ಮರದ ಬೇರಿಗೋ ಸಿಕ್ಕಿದರೆ ತೇಲದೆಯೂ ಇರಬಹುದು. ವೈದ್ಯಶಾಸ್ತ್ರವು ಪುಸ್ತಕದಲ್ಲಿ ಹೇಳುವ ಈ ಕ್ರಮವನ್ನು ಹರಿಗೋಲಿನವರು ತಮ್ಮ ಹೊಳೆಯ ಒಂದೊಂದು ತಿರುವಿಗೂ ಹೊಂದಿಸಿಕೊಂಡು ಬಲ್ಲರು. ಮೊಸಳೆಗಳು ಇರುವ ಹೊಳೆಯಲ್ಲಿ ಅವರು ಈ ಕೆಲಸವನ್ನು ಉಸಿರಿನ ಉಪಕರಣವಿಲ್ಲದೆಯೂ ಮಾಡುತ್ತಾರೆಂಬುದನ್ನು ಮರೆಯಬಾರದು.

ಸ್ಥಳೀಯರ ಈ ವಿದ್ಯೆಯ ಮಾತು ಮುತ್ತತ್ತಿಗೆ ಮಾತ್ರ ಸಂಬಂಧಿಸಿದುದಲ್ಲ. ಉದ್ಯಮಿ ವಿ.ಜಿ. ಸಿದ್ಧಾರ್ಥ ಅವರು 2019ರ ಜುಲೈ 29ರ ಸಂಜೆ ಉಳ್ಳಾಲದ ನೇತ್ರಾವತಿ ಸೇತುವೆಯ ಬಳಿ ಕಾಣೆಯಾದಾಗ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ, ಕರಾವಳಿ ಕಾವಲು ಪಡೆ, ಅಗ್ನಿಶಾಮಕ ದಳಗಳೆಲ್ಲವೂ ನದಿಗಿಳಿದವು. 31ರ ಬೆಳಗಿನ ಜಾವ ದೇಹವನ್ನು ಕಂಡವರು ಸ್ಥಳೀಯ ಮೀನುಗಾರರು. ಕಾಣೆಯಾದವರ ಶೋಧ ಹೊಳೆಯಲ್ಲಿ ಕೊನೆಗೊಂಡ ಇನ್ನೊಂದು ಪ್ರಕರಣ ಕಾವೇರಿಯದೇ: ಭಾರತೀಯ ಕೃಷಿ ಸಂಶೋಧನಾ ಮಂಡಳಿಯ ಮಾಜಿ ಮಹಾನಿರ್ದೇಶಕ, ಮತ್ಸ್ಯವಿಜ್ಞಾನಿ ಡಾ. ಸುಬ್ಬಣ್ಣ ಅಯ್ಯಪ್ಪನ್ ಅವರು 2025ರ ಮೇ 7ರಂದು ಮೈಸೂರಿನ ಮನೆಯಿಂದ ಹೊರಟು ಕಾಣೆಯಾದರು. 10ರಂದು ಅವರ ದೇಹ ಶ್ರೀರಂಗಪಟ್ಟಣದ ಬಳಿ ಕಾವೇರಿಯಲ್ಲಿ ಪತ್ತೆಯಾಯಿತು, ಅವರ ಸ್ಕೂಟರ್ ದಡದಲ್ಲಿ ನಿಂತಿತ್ತು.

ಶವ ಸಿಕ್ಕಿ ಹೆಸರು ಸಿಗದಿದ್ದರೆ ಶೋಧವು ತಿರುಗುಮುರುಗಾಗಿ ನಡೆಯಬೇಕಾಗುತ್ತದೆ. 2022ರ ಜೂನ್‌ನಲ್ಲಿ ಮಂಡ್ಯ ಜಿಲ್ಲೆಯ ಅರಕೆರೆ ಮತ್ತು ಬೇಬಿ ಗ್ರಾಮಗಳ ಬಳಿಯ ನಾಲೆಗಳಲ್ಲಿ ಇಬ್ಬರು ಮಹಿಳೆಯರ ತುಂಡರಿಸಿದ ದೇಹಗಳು ಒಂದೇ ದಿನ ದೊರೆತಾಗ, ಗುರುತಿಸಲು ಮುಖವೇ ಇರಲಿಲ್ಲ. ಮಂಡ್ಯ ಪೊಲೀಸರು ಕರ್ನಾಟಕ ಮತ್ತು ನೆರೆರಾಜ್ಯಗಳಲ್ಲಿ ದಾಖಲಾಗಿದ್ದ ಸಾವಿರಕ್ಕೂ ಹೆಚ್ಚು ಮಹಿಳೆಯರ ಕಾಣೆ ಪ್ರಕರಣಗಳನ್ನು ಜಾಲಾಡಿದರು. ಚಾಮರಾಜನಗರ ಜಿಲ್ಲೆಯಲ್ಲಿ ದಾಖಲಾಗಿದ್ದ ದೂರೊಂದು ಎಳೆಯಾಗಿ ದೊರೆತು, ಆಗಸ್ಟಿನ ಹೊತ್ತಿಗೆ ಆರೋಪಿಗಳು ಬಂಧಿತರಾದರು. ಆ ಮನೆಯವರು ಠಾಣೆಗೆ ಹೋಗಿ ದೂರು ಬರೆಸದೇ ಇದ್ದಿದ್ದರೆ ಆ ಎಳೆಯೇ ಇರುತ್ತಿರಲಿಲ್ಲ. ಅನಾಥ ಶವಗಳ ವಿಷಯದಲ್ಲಿ ಪೊಲೀಸರು ಅಸ್ವಾಭಾವಿಕ ಮರಣದ ವರದಿಯನ್ನು, ಠಾಣೆಯ ಮಾತಿನಲ್ಲಿ ಯುಡಿಆರ್ ಅನ್ನು, ದಾಖಲಿಸಿ ಶವಪರೀಕ್ಷೆ ಮಾಡಿಸುತ್ತಾರೆ. ಮೂಳೆಯ ಮಜ್ಜೆಯಲ್ಲಿ ಡಯಾಟಮ್ ಎಂಬ ಸೂಕ್ಷ್ಮ ಜಲಸಸ್ಯಗಳು ದೊರೆತರೆ ವ್ಯಕ್ತಿ ಜೀವಂತವಾಗಿ ನೀರಿಗೆ ಬಿದ್ದಿರುವ ಸಂಭವ ಬಲವಾಗುತ್ತದೆ. ಡಿಎನ್‌ಎ ಹೋಲಿಕೆಗೆ ರಕ್ತಸಂಬಂಧಿಯ ಮಾದರಿ ಬೇಕಾಗುತ್ತದೆ, ಸಂಬಂಧಿ ಯಾರೆಂದು ತಿಳಿಯಲು ಮತ್ತೆ ಅದೇ ಕಾಣೆ ದೂರು ಬೇಕಾಗುತ್ತದೆ.

ದೇಹವೂ ಸಿಗದ ಕುಟುಂಬಗಳ ಪಾಡು ಎಲ್ಲಕ್ಕಿಂತ ದಾರುಣವಾದುದು. ತಿಥಿ ಮಾಡುವಂತಿಲ್ಲ, ಪಹಣಿಯಲ್ಲಿ ಹೆಸರು ಬದಲಿಸುವಂತಿಲ್ಲ, ವಿಮೆಯ ಹಣ ಕೇಳುವಂತಿಲ್ಲ. ಏಳು ವರ್ಷಗಳ ಕಾಲ ವ್ಯಕ್ತಿಯ ಸುದ್ದಿಯನ್ನು ಸಹಜವಾಗಿ ಕೇಳಬೇಕಾಗಿದ್ದವರು ಕೇಳದಿದ್ದರೆ ಅವನು ಬದುಕಿದ್ದಾನೆಂದು ಸಾಧಿಸುವ ಹೊಣೆ ಹಾಗೆ ಹೇಳುವವನದೇ ಎಂದು 1872ರ ಸಾಕ್ಷ್ಯ ಕಾಯ್ದೆ ವಿಧಿಸಿತ್ತು; 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನೇ ಉಳಿಸಿಕೊಂಡಿದೆ. ಆ ಏಳು ವರ್ಷಗಳನ್ನು ಎಣಿಸಲು ಆಧಾರವಾಗುವ ಗಟ್ಟಿ ಕಾಗದವೆಂದರೆ ಠಾಣೆಯಲ್ಲಿ ಕೊಟ್ಟ ದೂರಿನ ಪ್ರತಿ. ಪತ್ತೇದಾರನ ಪರಿಶ್ರಮ ಸೋತ ಸಂದರ್ಭದಲ್ಲಿಯೂ, ಎಲ್ಲೆಲ್ಲಿ ಯಾವಾಗ ಹುಡುಕಲಾಯಿತು ಎಂದು ಅವನು ಬರೆದುಕೊಡುವ ವರದಿಯು ನ್ಯಾಯಾಲಯದಲ್ಲಿ ಈ ಕುಟುಂಬಗಳಿಗೆ ನೆರವಾಗಬಲ್ಲದು, ಮತ್ತು ಅವನ ವೃತ್ತಿಯ ಅತ್ಯಂತ ಗೌರವಾರ್ಹ ಫಲವೂ ಬಹುಶಃ ಅದೇ ಆಗಿದೆ.

ಮುತ್ತತ್ತಿ, ಶಿವನಸಮುದ್ರ ಮತ್ತು ವಿಶ್ವೇಶ್ವರಯ್ಯ ನಾಲೆಯ ದಡದ ಊರುಗಳಲ್ಲಿ ಹೊಳೆ ಬಲ್ಲ ಈಜುಗಾರರ ಮತ್ತು ಹರಿಗೋಲಿನವರ ಹೆಸರುಗಳನ್ನು ಜಿಲ್ಲಾಡಳಿತವು ಪಟ್ಟಿ ಮಾಡಿ, ಅವರಿಗೆ ವಿಮೆ, ಹಗ್ಗ, ಜೀವರಕ್ಷಕ ಅಂಗಿ ಮತ್ತು ಕರೆದ ದಿನದ ನ್ಯಾಯವಾದ ಕೂಲಿಯನ್ನು ಖಾತರಿಪಡಿಸುವುದು ಅವಶ್ಯವಾಗಿ ಆಗಬೇಕಾದ ಕೆಲಸ. ಓದುಗರ ಪಾಲಿನ ಕೆಲಸವೂ ಒಂದಿದೆ: ಯಾರಾದರೂ ಕಾಣೆಯಾದರೆ ಇಪ್ಪತ್ನಾಲ್ಕು ಗಂಟೆ ಕಾಯಬೇಕೆಂಬ ನಿಯಮ ಎಲ್ಲಿಯೂ ಇಲ್ಲ, ಮಕ್ಕಳ ವಿಷಯದಲ್ಲಂತೂ ಪ್ರಥಮ ವರ್ತಮಾನ ವರದಿಯನ್ನು ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರ ಮೇ ತಿಂಗಳಲ್ಲಿಯೇ ಆದೇಶಿಸಿದೆ. ಆದ್ದರಿಂದ ಪತ್ತೇದಾರನನ್ನು ಹುಡುಕುವ ಮೊದಲು 112ಕ್ಕೆ ಕರೆ ಮಾಡಿ, ಹತ್ತಿರದ ಠಾಣೆಯಲ್ಲಿ ಇತ್ತೀಚಿನ ಭಾವಚಿತ್ರದೊಂದಿಗೆ ದೂರು ಬರೆಸಿ, ಅದರ ಪ್ರತಿಯನ್ನು ಕೇಳಿ ಪಡೆಯಿರಿ.